ಗುಂಡು ಚದುರಿಸುತ್ತಿದ್ದದ್ದು ಮರದ ಸ್ಟಾಕ್

ಟೆಕ್ಸಾಸ್‌ನಲ್ಲಿ ಜಿಂಕೆ ಬೇಟೆಗೆ ಇಟ್ಟುಕೊಂಡಿರುವ .308 ಕ್ಯಾಲಿಬರ್ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ) ರೈಫಲ್ ನನ್ನದು. ಮನೆಯಲ್ಲೇ ತುಂಬಿದ ತೋಟಾಗಳು 100 ಗಜದಲ್ಲಿ 3 ಇಂಚು ಚದುರತೊಡಗಿದವು. ಇಂಥ ಹೊತ್ತಲ್ಲಿ ಜಾಸ್ತಿ ಜನ ಮೊದಲು ಮದ್ದಿನ ತೂಕ ಬದಲಿಸುತ್ತಾರೆ. ನಾನು ಅದನ್ನು ಮುಟ್ಟಲಿಲ್ಲ. ಕಾರ್ಖಾನೆಯ ಮ್ಯಾಚ್ ತೋಟಾ, ಅಂದರೆ ಗುರಿ ಸ್ಪರ್ಧೆಗೆಂದು ಮಾಡಿದ ನಿಖರ ತೋಟಾ, ಹಾರಿಸಿ ನೋಡಿದೆ. ಅವೂ ಅಷ್ಟೇ ಚದುರಿದವು. ಅಂದರೆ ದೋಷ ರೈಫಲ್‌ನಲ್ಲೇ, ಅಲ್ವಾ?

ಸ್ಕೋಪ್ (ಗುರಿ ನೋಡುವ ದುರ್ಬೀನು) ಸ್ಕ್ರೂಗಳು ಬಿಗಿಯಾಗಿದ್ದವು. ರೈಫಲ್ ಖಾಲಿ ಇದೆ ಅಂತ ಖಚಿತ ಮಾಡಿಕೊಂಡು, ನಳಿಕೆಗೂ ಅದರ ಕೆಳಗಿನ ಮರದ ಭಾಗವಾದ ಸ್ಟಾಕಿಗೂ ನಡುವೆ ಒಂದು ಹಾಳೆ ತೂರಿಸಿದೆ. ತುದಿಯ ಹತ್ತಿರ ಸಿಕ್ಕಿಕೊಂಡಿತು! ತೇವಕ್ಕೆ ಮರ ಉಬ್ಬಿ ನಳಿಕೆಯನ್ನು ಒಂದು ಬದಿಗೆ ಒತ್ತುತ್ತಿತ್ತು. ನಳಿಕೆ ಬಿಸಿಯಾದಂತೆ ಆ ಒತ್ತಡ ಬದಲಾಗುತ್ತದೆ, ಗುಂಡು ಬೀಳುವ ಜಾಗವೂ ಬದಲಾಗುತ್ತದೆ.

ಸ್ಯಾಂಡ್‌ಪೇಪರ್‌ನಿಂದ ಆ ಜಾಗ ಉಜ್ಜಿ, ವಾರ್ನಿಷ್ ಬಳಿದು, ರೈಫಲ್‌ನ ಲೋಹದ ಭಾಗವನ್ನು ಸ್ಟಾಕಿಗೆ ಹಿಡಿದಿಡುವ ಆಕ್ಷನ್ ಸ್ಕ್ರೂಗಳನ್ನು ತಯಾರಕರು ಹೇಳಿದಷ್ಟೇ ಬಿಗಿ ಮಾಡಿದೆ. ಅದೇ ತೋಟಾಗಳು ಈಗ 1 ಇಂಚಿನ ಒಳಗೆ ಬೀಳುತ್ತಿವೆ.