ಮೂರು ತಲೆಮಾರಿನ ಉಬ್ಬಸ, ಒಂದು ಹಾಳೆಯಲ್ಲಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಇರುವ ನನ್ನ ಕ್ಲಿನಿಕ್ಕಿಗೆ ಉಬ್ಬಸ ಅಂತ ಯಾರಾದರೂ ಬಂದರೆ, ಒಂದು ಬಿಳಿ ಹಾಳೆ ತೆಗೆದು ಅವರ ಕುಟುಂಬದ ಚಿತ್ರ ಬರೆಯುತ್ತೇನೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಉಬ್ಬಸ ಇದ್ದವರಿಗೆ ಪೂರ್ತಿ ಕಪ್ಪು. ಬರೀ ಸೀನು, ಮೂಗು ಸೋರುವುದು ಅಥವಾ ಇಸುಬು ಇದ್ದವರಿಗೆ ಅರ್ಧ ಕಪ್ಪು. ಪಕ್ಕದಲ್ಲಿ ಅದು ಶುರುವಾದ ವಯಸ್ಸು. ದಮ್ಮು ಕಟ್ಟಿ ಮಾತಾಡಲೂ ಆಗದೆ ಬಂದವರಿಗೆ ಮೊದಲು ನೆಬುಲೈಸರ್. ಹಾಳೆ ಇನ್ನೊಂದು ದಿನಕ್ಕೆ.

"ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಡಾಕ್ಟ್ರೆ" ಅನ್ನುವುದು ಮೊದಲ ಉತ್ತರ. ಹಾಗಾಗಿ ಕಾಯಿಲೆಯ ಹೆಸರನ್ನೇ ಹೇಳದೆ ಕೇಳುತ್ತೇನೆ. ಮಳೆಗಾಲದಲ್ಲಿ ರಾತ್ರಿ ಎದ್ದು ಕೂತುಕೊಳ್ಳುವವರು ಯಾರಾದರೂ ಇದ್ದರಾ? ಬೆಳಿಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನುವವರು? ಅಡಿಕೆ ಸುಲಿಯುವಲ್ಲಿ ಕೂರಲಾಗದವರು? ಆಗ ಅಜ್ಜಿ ನೆನಪಾಗುತ್ತಾರೆ, ಚಿಕ್ಕಪ್ಪ ನೆನಪಾಗುತ್ತಾರೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಯವರಿಗೆ ತಾಯಿ ಕಡೆಯ ಸುದ್ದಿಯೆಲ್ಲ ಬಾಯಿಪಾಠ. ತಂದೆ ಕಡೆಯದು ಬೇಕಾದರೆ ಫೋನ್ ಮಾಡಿ ಕೇಳಬೇಕು. ತಂದೆಯ ಕಡೆಯಿಂದ ಎಣಿಸುವ ಮಕ್ಕಳಕಟ್ಟಿನವರಲ್ಲಿ ಹೆಚ್ಚಾಗಿ ಇದರ ತಿರುಗು. ಜೀನ್ ಎರಡೂ ಕಡೆಯಿಂದ ಅರ್ಧರ್ಧ ಬರುತ್ತದೆ, ಅದಕ್ಕೇ ನಾನು ಬಿಡುವುದಿಲ್ಲ. ಮದುವೆಯ ವಯಸ್ಸಿಗೆ ಬಂದ ಹುಡುಗಿ ಇರುವ ಮನೆಯವರು ಒಮ್ಮೊಮ್ಮೆ "ಇದನ್ನು ಬರೆಯಬೇಡಿ" ಅನ್ನುತ್ತಾರೆ. ಹಾಳೆ ನನ್ನ ಕಪಾಟು ಬಿಟ್ಟು ಹೊರಗೆ ಹೋಗುವುದಿಲ್ಲ ಅಂತ ಅವರಿಗೆ ಮಾತು ಕೊಟ್ಟು, ಆ ಮಾತನ್ನು ಉಳಿಸಿಕೊಂಡಿದ್ದೇನೆ.

ವಯಸ್ಸು ಯಾಕೆ ಬರೆಯಬೇಕು? 2007ರಲ್ಲಿ, ಜೀನುಗಳನ್ನು ಹೊತ್ತ ಎಳೆಗಳಲ್ಲಿ ಒಂದಾದ 17ನೇ ಕ್ರೋಮೋಸೋಮಿನ ಒಂದು ಜಾಗಕ್ಕೂ ಮಕ್ಕಳ ಉಬ್ಬಸಕ್ಕೂ ನಂಟಿದೆ ಎಂದು ಗೊತ್ತಾಯಿತು. ಓಆರ್‌ಎಂಡಿಎಲ್3 ಎಂಬ ಜೀನ್ ಇರುವ ಜಾಗ ಅದು. ಚಿಕ್ಕಂದಿನಲ್ಲೇ ಶುರುವಾಗುವ ಉಬ್ಬಸಕ್ಕೆ ಈ ನಂಟು ಗಟ್ಟಿ. ನಲವತ್ತು ದಾಟಿ ಬರುವ ಉಬ್ಬಸದಲ್ಲಿ ಜೀನಿನ ಪಾಲು ಕಡಿಮೆ. ಹಾಗಾಗಿ ಹಾಳೆಯಲ್ಲಿ ಐದು, ಆರು, ನಾಲ್ಕು ಎಂಬ ವಯಸ್ಸುಗಳು ಕಂಡರೆ ಮನೆಯ ಉಳಿದ ಮಕ್ಕಳನ್ನೂ ಕರೆಸುತ್ತೇನೆ. ಐವತ್ತಾರು ಎಂದಿದ್ದರೆ ಆ ಮನುಷ್ಯನ ಕೆಲಸ, ಬೀಡಿ, ಹೃದಯದ ಕಡೆ ಮೊದಲು ನೋಡುತ್ತೇನೆ. 2008ರಲ್ಲಿ ಇನ್ನೊಂದು ವಿಷಯ ಹೊರಬಂತು. ಚಿಕ್ಕಂದಿನಲ್ಲಿ ಬೀಡಿ ಸಿಗರೇಟಿನ ಹೊಗೆ ಕುಡಿದು ಬೆಳೆದ ಮಕ್ಕಳಲ್ಲಿ ಅದೇ ಜಾಗದ ಬದಲಾವಣೆ ಇನ್ನೂ ಜೋರಾಗಿ ಕೆಲಸ ಮಾಡುತ್ತದಂತೆ. ಇದನ್ನು ಅಪ್ಪಂದಿರಿಗೆ ಹಾಳೆ ತೋರಿಸಿಯೇ ಹೇಳುತ್ತೇನೆ. ಸುಮ್ನೆ "ಬೀಡಿ ಬಿಡಿ" ಅಂದರೆ ಕೇಳದವರು, ಮಗನ ಹೆಸರಿನ ಚೌಕ ಕಪ್ಪಾಗಿರುವುದನ್ನು ನೋಡಿ ಅಂಗಳಕ್ಕಾದರೂ ಹೋಗಿ ಸೇದಲು ಶುರು ಮಾಡಿದ್ದಾರೆ. ಅಷ್ಟು ಸಾಲದು. ಬಟ್ಟೆಗೂ ಹೊಗೆ ಅಂಟುತ್ತದೆ.

ಆಮೇಲೆ ಮೈ ನೋಡುವುದು. ಮಗುವಿನ ಮುಖದಿಂದ ಶುರು. ಕೆಳರೆಪ್ಪೆಯ ಕೆಳಗೆ ಒಂದು ಜಾಸ್ತಿ ಗೆರೆ ಇದೆಯಾ? ಇದಕ್ಕೆ ಡೆನ್ನಿ-ಮಾರ್ಗನ್ ಗೆರೆ ಎನ್ನುತ್ತಾರೆ. ಕಣ್ಣಿನ ಕೆಳಗೆ ಕಪ್ಪಾಗಿದೆಯಾ? ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆ ಬಿದ್ದಿದೆಯಾ? ಇವೆಲ್ಲ ಅಲರ್ಜಿಯ ಗುರುತು. ಇವಷ್ಟೇ ನೋಡಿ ಉಬ್ಬಸ ಅನ್ನುವಂತಿಲ್ಲ. ನಿದ್ದೆಗೆಟ್ಟವರಿಗೂ ಕಣ್ಣಡಿ ಕಪ್ಪಾಗುತ್ತದೆ, ಅಲ್ವಾ?

ನನಗೆ ಜಾಸ್ತಿ ಹೇಳುವುದು ಅಂಗೈ. ಚರ್ಮದ ಹೊರಪದರವನ್ನು ಬಿಗಿಯಾಗಿ ಇಡುವ ಫಿಲಾಗ್ರಿನ್ ಎಂಬ ಪ್ರೋಟೀನ್ ಇದೆ. ಅದರ ಜೀನ್ ಕೆಟ್ಟವರಿಗೆ ಅಂಗೈಯ ಗೆರೆಗಳು ಜಾಸ್ತಿ ಮತ್ತು ಆಳ, ಮೊಣಕಾಲಿನ ಕೆಳಗೆ ಮೀನಿನ ಹುರುಪೆಯ ಹಾಗೆ ಒಣಚರ್ಮ. ಇವರಿಗೆ ಇಸುಬು ಬರುವ ಸಂಭವ ಹೆಚ್ಚು, ಇಸುಬು ಬಂದವರಲ್ಲಿ ಉಬ್ಬಸ ಬರುವ ಸಂಭವವೂ ಹೆಚ್ಚು. 2006ರಲ್ಲಿ ಇದು ಗೊತ್ತಾಯಿತು. ಬಿರುಕು ಬಿಟ್ಟ ಚರ್ಮದ ಮೂಲಕ ಧೂಳಿನ ಹುಳದಂಥವುಗಳ ಅಂಶ ಒಳಗೆ ಇಳಿದು ಮೈ ಎಚ್ಚೆತ್ತುಕೊಳ್ಳುತ್ತದೆ, ಮುಂದೆ ಶ್ವಾಸಕೋಶದಲ್ಲಿ ಜಗಳ ತೆಗೆಯುತ್ತದೆ ಎಂಬ ವಿವರಣೆ ನನಗೆ ಒಪ್ಪಿಗೆ. ಯುರೋಪಿನವರಲ್ಲಿ ಕಂಡ ಬದಲಾವಣೆಗಳೇ ನಮ್ಮಲ್ಲೂ ಇರಬೇಕೆಂದಿಲ್ಲ. ತೋಟದಲ್ಲಿ ದುಡಿದ ಕೈಯಲ್ಲಿ ಗೆರೆ ನೋಡಿ ಏನೂ ಹೇಳಲಾಗದು, ಅದಕ್ಕೆ ಸಣ್ಣ ಮಕ್ಕಳ ಅಂಗೈಯನ್ನೇ ನೋಡುತ್ತೇನೆ.

ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ಕಣಗಳನ್ನು ಎಣಿಸುವುದು ಅಗ್ಗದ ಪರೀಕ್ಷೆ. ಮೈಕ್ರೋಲೀಟರಿಗೆ 300 ದಾಟಿದರೆ ಅಲರ್ಜಿಯ ಉಬ್ಬಸ ಎಂಬ ಸಂಶಯ ಬಲವಾಗುತ್ತದೆ. ಆದರೆ ನಮ್ಮ ಊರಿನಲ್ಲಿ ಬರಿಗಾಲಲ್ಲಿ ತೋಟ ಸುತ್ತುವವರಿಗೆ ಕೊಕ್ಕೆಹುಳದಿಂದಲೂ ಅದು ಏರುತ್ತದೆ. ಹುಳದ ಮಾತ್ರೆ ಕೊಟ್ಟು, ಸ್ವಲ್ಪ ಸಮಯ ಬಿಟ್ಟು ಮತ್ತೆ ಎಣಿಸುತ್ತೇನೆ. 3000 ದಾಟಿ, ರಾತ್ರಿ ಕೆಮ್ಮೇ ಜಾಸ್ತಿ ಇದ್ದರೆ ಆನೆಕಾಲು ರೋಗದ ಹುಳವನ್ನು ನೆನಪಿಸಿಕೊಳ್ಳಲೇಬೇಕು. ಕರಾವಳಿಯಲ್ಲಿ ಅದನ್ನು ಮರೆಯಬಾರದು. ಆ ಹುಳದಿಂದ ಎದೆಗೆ ಬರುವ ಕಾಯಿಲೆ ಉಬ್ಬಸದ ಹಾಗೇ ಕೂಗುತ್ತದೆ, ಮದ್ದು ಮಾತ್ರ ಬೇರೆ: ಆ ಹುಳಕ್ಕೆ ಕೊಡುವ ಡಿಇಸಿ ಮಾತ್ರೆ, ಮೂರು ವಾರ.

ಕೊನೆಗೆ ಪೀಕ್ ಫ್ಲೋ ಮೀಟರ್. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಎಂದು ಅಳೆಯಲು ಊದುವ ಒಂದು ಪ್ಲಾಸ್ಟಿಕ್ ಕೊಳವೆ, ಕರೆಂಟ್ ಬೇಡ. ಮನೆಗೆ ಕೊಟ್ಟು ಕಳಿಸುತ್ತೇನೆ. ಎರಡು ವಾರ, ಬೆಳಿಗ್ಗೆ ಮತ್ತು ಸಂಜೆ, ಮದ್ದು ಎಳೆಯುವ ಮೊದಲು ಮೂರು ಸಲ ಊದಿ, ಅದರಲ್ಲಿ ದೊಡ್ಡದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಬೇಕು. ದಿನದ ಏರಿಳಿತ ಸರಾಸರಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ, ಮಕ್ಕಳಲ್ಲಿ ಹದಿಮೂರಕ್ಕಿಂತ ಜಾಸ್ತಿ ಇದ್ದರೆ ಉಬ್ಬಸ ಎನ್ನಲು ಅದು ಬಲವಾದ ಆಧಾರ. ಅಡಿಕೆ ಸುಲಿದ ದಿನ, ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿದ ದಿನ, ಕಂಬಳಿ ಕೊಡವಿದ ದಿನ, ಇವನ್ನೂ ಗುರುತು ಹಾಕಲು ಹೇಳುತ್ತೇನೆ. ಯಾವುದು ಆಗುವುದಿಲ್ಲ ಎಂದು ಆಮೇಲೆ ಅವರೇ ನನಗೆ ಹೇಳುತ್ತಾರೆ.

ಈಚೆಗೆ ಕೆಲವರು ಜೊಲ್ಲು ಕೊಟ್ಟು ಮಾಡಿಸಿದ ಜೀನ್ ಪರೀಕ್ಷೆಯ ವರದಿ ಹಿಡಿದು ಬರುತ್ತಾರೆ. "ನಿಮಗೆ ಉಬ್ಬಸದ ಅಪಾಯ ಹೆಚ್ಚು" ಎಂದು ಅದರಲ್ಲಿ ಇರುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಉಬ್ಬಸಕ್ಕಾಗಿ ಆ ದುಡ್ಡು ಹಾಕಬೇಡಿ. ಉಬ್ಬಸಕ್ಕೆ ಒಂದು ಜೀನ್ ಇಲ್ಲ. ಹತ್ತಾರು ಜಾಗಗಳು, ಒಂದೊಂದೂ ಅಪಾಯವನ್ನು ಸ್ವಲ್ಪ ಸ್ವಲ್ಪವೇ ಏರಿಸುವಂಥವು. ಆ ಅಧ್ಯಯನಗಳಲ್ಲಿ ಹೆಚ್ಚಿನವು ಯುರೋಪ್ ಮೂಲದವರ ಮೇಲೆ ನಡೆದವು. ಅದೇ ದುಡ್ಡಿಗೆ ಮೀಟರ್ ಮತ್ತು ಎಷ್ಟೋ ತಿಂಗಳ ಇನ್‌ಹೇಲರ್ ಬರುತ್ತದೆ.

ಬಸುರಿ ಹೆಂಗಸರು ಕೇಳುವ ಪ್ರಶ್ನೆ ಒಂದೇ. "ನನಗಿದೆ, ಮಗುವಿಗೂ ಬರುತ್ತದಾ?" ಸಂಭವ ಹೆಚ್ಚು, ಖಂಡಿತ ಎಂದಿಲ್ಲ ಅನ್ನುತ್ತೇನೆ. ಆಮೇಲೆ ಅಮೆರಿಕದ ಎರಡು ರೈತ ಸಮುದಾಯಗಳ ಕಥೆ ಹೇಳುತ್ತೇನೆ. ಆಮಿಶ್ ಮತ್ತು ಹಟರೈಟ್ ಜನರ ಮೂಲ ಹೆಚ್ಚುಕಮ್ಮಿ ಒಂದೇ, ಜೀನುಗಳೂ ಹತ್ತಿರ ಹತ್ತಿರ. ಆಮಿಶ್ ಮಕ್ಕಳು ದನದ ಹಟ್ಟಿಯ ಪಕ್ಕದಲ್ಲೇ ಬೆಳೆಯುತ್ತಾರೆ. ಹಟರೈಟರದು ಯಂತ್ರಗಳ ದೊಡ್ಡ ಬೇಸಾಯ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಮಿಶ್ ಶಾಲಾಮಕ್ಕಳಲ್ಲಿ ಉಬ್ಬಸ ನೂರಕ್ಕೆ ಸುಮಾರು 5, ಹಟರೈಟ್ ಮಕ್ಕಳಲ್ಲಿ 21. ಹಾಗಂತ ಈಗಾಗಲೇ ಉಬ್ಬಸ ಇರುವ ಮಗುವನ್ನು ಹಟ್ಟಿಗೆ ಕಳಿಸಿ ಅಂತ ನಾನು ಹೇಳುವುದಿಲ್ಲ. ಬಸುರಿನಲ್ಲಿ ಇನ್‌ಹೇಲರ್ ನಿಲ್ಲಿಸಬೇಡಿ, ಮನೆಯೊಳಗೆ ಹೊಗೆ ಬೇಡ, ಇಷ್ಟನ್ನು ಮಾತ್ರ ಒತ್ತಿ ಹೇಳುತ್ತೇನೆ.

ಮೇ ತಿಂಗಳ ಕೊನೆಗೆ ಕಪಾಟಿನಿಂದ ಹಾಳೆಗಳನ್ನು ತೆಗೆದು, ಕಪ್ಪು ಗುರುತು ಜಾಸ್ತಿ ಇರುವ ಮನೆಗಳಿಗೆ ಫೋನ್ ಮಾಡುತ್ತೇನೆ. ಸ್ಟೀರಾಯ್ಡ್ ಇನ್‌ಹೇಲರ್ ಮುಗಿದಿದೆಯಾ ನೋಡಿ, ಬಿಟ್ಟಿದ್ದರೆ ಮಳೆ ಹಿಡಿಯುವ ಮೊದಲೇ ಶುರು ಮಾಡಿ, ಎಳೆದ ಮೇಲೆ ಬಾಯಿ ಮುಕ್ಕಳಿಸಿ. ಸಣ್ಣವನಿಗೂ ರಾತ್ರಿ ಕೆಮ್ಮು ಶುರುವಾಗಿದ್ದರೆ ಅವನನ್ನೂ ಕರೆದುಕೊಂಡು ಬನ್ನಿ.