ಬೆಳಗಿನ ‘ಟಿಕ್ ಟಿಕ್’ ಸದ್ದು: ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸರಿಪಡಿಸುವುದು ಹೇಗೆ?

ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ‘ಟಿಕ್ ಟಿಕ್’ ಸದ್ದು. ಸ್ವಲ್ಪ ದೂರ ಓಡಿಸಿದರೆ ಮಾಯ. ಟ್ಯಾಪೆಟ್ (ಎಂಜಿನ್ನಿನ ವಾಲ್ವ್ ತಳ್ಳುವ ಭಾಗ) ಸದ್ದು ಇರಬೇಕು ಅಂತ ಬಹಳ ಜನ ಸುಮ್ಮನಾಗುತ್ತಾರೆ. ಆದರೆ ಆಕ್ಸಿಲರೇಟರ್ ಒತ್ತಿದಾಗ ಸದ್ದು ಜಾಸ್ತಿಯಾಗಿ, ಎಂಜಿನ್ ಕಾದಂತೆ ಕಡಿಮೆಯಾದರೆ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್ ನೋಡಿ.

ಎಲ್ಲ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಮಾಡಿ ಸೈಲೆನ್ಸರ್ ಕಡೆಗೆ ಕಳಿಸುವ ಭಾಗ ಇದು. ಓಡುವಾಗ ನೂರಾರು ಡಿಗ್ರಿ ಕಾಯುತ್ತದೆ, ನಿಂತಾಗ ತಣ್ಣಗಾಗುತ್ತದೆ. ಹೀಗೆ ಹಿಗ್ಗಿ ಕುಗ್ಗಿ ವರ್ಷಗಟ್ಟಲೆ ದುಡಿದ ಮೇಲೆ ಬಿರುಕು ಬಿಡುತ್ತದೆ, ಎಂಜಿನ್ನಿಗೆ ಕೂಡುವಲ್ಲಿ ಸಂದು ಮುಚ್ಚುವ ಗ್ಯಾಸ್ಕೆಟ್ ಸುಡುತ್ತದೆ, ಬಿಗಿಯಾಗಿ ಹಿಡಿದಿಡುವ ಸ್ಟಡ್ (ತಲೆಯಿಲ್ಲದ ಬೋಲ್ಟ್) ಮುರಿಯುತ್ತದೆ. ಬಿಸಿಯಾದಾಗ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುವುದರಿಂದ ಸದ್ದು ಅಡಗುತ್ತದೆ. ಓಡಿಸಿಕೊಂಡು ಗ್ಯಾರೇಜಿಗೆ ಹೋದರೆ ‘ಏನೂ ಇಲ್ವಲ್ಲ ಸಾರ್’ ಅನ್ನುವುದು ಇದಕ್ಕೇ. ಹಿಂದಿನ ಸಂಜೆಯೇ ಕಾರು ಬಿಟ್ಟು ಬನ್ನಿ. ಬೆಳಗ್ಗೆ ಮೆಕ್ಯಾನಿಕ್ಕೇ ಸ್ಟಾರ್ಟ್ ಮಾಡಿ ಕೇಳಲಿ.

ದಯವಿಟ್ಟು ಇದನ್ನು ಮುಂದೂಡಬೇಡಿ. ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಾರಿನೊಳಗೆ ಹೊಗೆ ವಾಸನೆ ಬಂದರೆ, ತಲೆ ನೋವು ಶುರುವಾದರೆ ಕಿಟಕಿ ಇಳಿಸಿ, ಕಾರು ನಿಲ್ಲಿಸಿ, ಹೊರಗೆ ಬನ್ನಿ. ಇನ್ನೊಂದು ತೊಂದರೆ ಮೈಲೇಜಿನದು. ಸಂದಿನಿಂದ ಹೊರಗಿನ ಗಾಳಿ ಒಳಗೆ ಸೇರಿದರೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ. ಇಂಧನ ಸಾಲದು ಅಂದುಕೊಂಡು ಎಂಜಿನ್ನಿನ ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ.

ಪತ್ತೆ ಹಚ್ಚಲು ಎಂಜಿನ್ ಪೂರ್ತಿ ತಣ್ಣಗಿರಬೇಕು. ಟಾರ್ಚ್ ಹಿಡಿದು, ಮ್ಯಾನಿಫೋಲ್ಡ್ ಎಂಜಿನ್ನಿಗೆ ಕೂಡುವ ಅಂಚಿನುದ್ದಕ್ಕೂ ನೋಡಿ. ಸೋರುವ ಕಡೆ ಬೀಸಣಿಗೆಯಂತೆ ಹರಡಿದ ಕಪ್ಪು ಮಸಿ ಸಾಮಾನ್ಯವಾಗಿ ಕಾಣುತ್ತದೆ. ಕಾಣದಿದ್ದರೆ, ಎಂಜಿನ್ ಆಫ್ ಇದ್ದಾಗಲೇ ಸೈಲೆನ್ಸರ್ ಬಾಯಿಗೆ ಬ್ಲೋವರ್ ಹಿಡಿದು ಗಾಳಿ ಊದಿ, ಅಂಚಿಗೆ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದಲ್ಲೇ ಲೀಕ್.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ನಟ್‌ಗಳಿಗೆ ಹೊಡೆದು ರಾತ್ರಿಯಿಡೀ ಬಿಡಿ. ಅವಸರ ಮಾಡಿದರೆ ಕೆಲಸ ಕೆಡುವುದು ಇಲ್ಲೇ. ಬಿಗಿ ಅನಿಸಿದರೆ ಜೋರು ಮಾಡಬೇಡಿ. ಸ್ವಲ್ಪ ಸಡಿಲಿಸಿ, ಮತ್ತೆ ಒಳಗೆ ತಿರುಗಿಸಿ, ಮತ್ತೆ ಸಡಿಲಿಸಿ. ಸ್ಟಡ್ ಸಿಲಿಂಡರ್ ಹೆಡ್ಡಿನೊಳಗೇ ಮುರಿದರೆ ಅಲ್ಲಿಗೆ ನಿಲ್ಲಿಸಿ, ಅನುಭವಿ ಮೆಕ್ಯಾನಿಕ್‌ಗೆ ಬಿಡಿ. ಸೆನ್ಸರ್ ವೈರ್ ಜಗ್ಗದಂತೆ ನೋಡಿಕೊಳ್ಳಿ.

ಹಳೇ ಗ್ಯಾಸ್ಕೆಟ್ ಪೂರ್ತಿ ಕೆರೆದು ತೆಗೆಯಿರಿ. ಮ್ಯಾನಿಫೋಲ್ಡ್ ಮುಖದ ಮೇಲೆ ನೇರ ಸ್ಕೇಲ್ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಮಿತಿಗಿಂತ ಹೆಚ್ಚು ಡೊಂಕಾಗಿದ್ದರೆ ಲೇತ್ ಅಂಗಡಿಯಲ್ಲಿ ಮಟ್ಟ ಮಾಡಿಸಬೇಕು. ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ಟೂ ನಿಲ್ಲುವುದಿಲ್ಲ. ಕೂರಿಸುವಾಗ ಹೆಚ್ಚಿನ ಎಂಜಿನ್‌ಗಳಲ್ಲಿ ನಡುವಿನ ನಟ್‌ನಿಂದ ಶುರುಮಾಡಿ ಎರಡೂ ಕಡೆಗೆ ಹೋಗಬೇಕು. ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್‌ನಲ್ಲಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಅಳತೆ ಮ್ಯಾನ್ಯುಯಲ್‌ನದ್ದೇ ಇರಲಿ, ಕೈ ಅಂದಾಜು ಬೇಡ.

ಮ್ಯಾನಿಫೋಲ್ಡೇ ಬಿರುಕು ಬಿಟ್ಟಿದ್ದರೆ? ಎರಕದ ಕಬ್ಬಿಣವನ್ನು ಮೊದಲೇ ಕಾಯಿಸಿ, ನಿಕ್ಕಲ್ ರಾಡ್‌ನಲ್ಲಿ ವೆಲ್ಡ್ ಮಾಡಿ, ನಿಧಾನವಾಗಿ ಆರಲು ಬಿಡಬೇಕು. ಅಷ್ಟು ಮಾಡಿದರೂ ಪಕ್ಕದಲ್ಲೇ ಮತ್ತೆ ಬಿರುಕು ಬರಬಹುದು. ಹೊಸದು ಹಾಕಿಸುವುದೇ ಮೇಲು. ಕೆಲವು ಕಾರುಗಳಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಇದಕ್ಕೇ ಅಂಟಿಕೊಂಡಿರುವುದರಿಂದ ಬೆಲೆ ಏರುತ್ತದೆ, ಮೊದಲೇ ವಿಚಾರಿಸಿ. ಟರ್ಬೊ ಇರುವ ಡೀಸೆಲ್ ಕಾರಾದರೆ ಮನೆಯಲ್ಲಿ ಬಿಚ್ಚುವ ಸಾಹಸ ಬೇಡ.