ದುಬೈ ವಿಮಾನ ಬಜ್ಪೆಗೆ ಎಷ್ಟೊತ್ತಿಗೆ ಇಳೀತದೆ – ನನ್ನ ಅನುಭವ

ಉಪ್ಪಳ ಟ್ಯಾಕ್ಸಿ ಸ್ಟ್ಯಾಂಡಲ್ಲಿ ನಂಗೆ "ಪೈಲಟ್" ಅಂತ ಹೆಸರಿಟ್ಟದ್ದು ನಗಾಡ್ಲಿಕ್ಕೆ. ಈಗ ಅದೇ ಜನ ರಾತ್ರಿ ಫೋನ್ ಮಾಡಿ "ಇವತ್ತಿಂದು ಎಷ್ಟೊತ್ತಿಗೆ ಮಾರಾಯ?" ಅಂತ ಕೇಳ್ತಾರೆ, ಹಾಗಾಗಿ ಬರೀತಾ ಇದ್ದೇನೆ.

ಬಜ್ಪೆಗೆ, ಅಂದ್ರೆ ಮಂಗಳೂರು ಏರ್‌ಪೋರ್ಟಿಗೆ, ಬಾಡಿಗೆ ಮಾಡುವವರಿಗೆ ಗೊತ್ತುಂಟು, ಬೇಗ ಹೋದ್ರೆ ಪಾರ್ಕಿಂಗ್ ದುಡ್ಡು ಹೋಗ್ತದೆ, ತಡ ಆದ್ರೆ ಗಿರಾಕಿಯೇ ಹೋಗ್ತಾರೆ. ನಂದು ಪಾರ್ಕಿಂಗು, ಚಾ, ಬನ್ಸು ಅಂತ ತಿಂಗಳಿಗೆ ಎರಡೂವರೆ ಮೂರು ಸಾವಿರ ಹೋಗ್ತಿತ್ತು.

ಸುರುವಿಗೆ ಮಾಡಿದ್ದು ದೊಡ್ಡ ಪೆದ್ದುತನ. ಟಿಕೆಟಲ್ಲಿ ದುಬೈ 11.15, ಮಂಗಳೂರು 4.10, ಅಂದ್ರೆ ಐದು ಗಂಟೆ ಅಂತ ಹಿಡಿದೆ. ಒಂದಿನ ವಿಮಾನ ಲೇಟು, "ಈಗ ಹೊರಟಿತು" ಅಂತ ಗಿರಾಕಿಯ ಮೆಸೇಜ್ ಬಂತು, ನಾನು ನಮ್ಮ ಗಡಿಯಾರಕ್ಕೆ ಐದು ಗಂಟೆ ಕೂಡಿಸಿ ಮಲಗಿದೆ. ಏಳುವಾಗ ಹದಿನಾರು ಮಿಸ್ಡ್ ಕಾಲ್! ದುಬೈ ಗಡಿಯಾರ ಒಂದೂವರೆ ಗಂಟೆ ಹಿಂದೆ ಅಂತ ಗೊತ್ತಿರ್ಲಿಲ್ಲಾಂತ ಅಲ್ಲ, ಲೆಕ್ಕಕ್ಕೆ ತಕ್ಕೊಳ್ಳಲಿಲ್ಲ. 1,800 ರೂಪಾಯಿ ಬಾಡಿಗೆ ಹೋಯ್ತು, ಆ ಮನೆಯವರು ಇವತ್ತಿಗೂ ಬೇರೆ ಗಾಡಿ ಕರೀತಾರೆ.

ಆಮೇಲೆ ಹಠ ಬಂತು. ಗೋಡೆ ಭೂಪಟದಲ್ಲಿ ಸ್ಕೇಲ್ ಇಟ್ಟೆ, 2,600 ಚಿಲ್ಲರೆ ಕಿಲೋಮೀಟರ್ ಬಂತು, ಸರಿ ಕೂರ್ಲಿಲ್ಲ. ಮಗಳ ಗ್ಲೋಬ್ ತೆಗೆದೆ. ಕೈಗೆ ಸಿಕ್ಕಿದ್ದು ಮಲ್ಲಿಗೆ ಕಟ್ಟುವ ಬಾಳೆನಾರು, ಅದು ಗ್ಲೋಬಿಗೆ ಅಂಟಿ ಕೂರೋದೇ ಇಲ್ಲ, ಬಿಟ್ಟು ಹೊಲಿಗೆ ನೂಲು ಹಿಡಿದೆ. ನಾಲ್ಕು ಸೆಂಟಿಮೀಟರಿಗೆ ಒಂಚೂರು ಕಮ್ಮಿ. ಗ್ಲೋಬಿನ ಸುತ್ತಳತೆ 63 ಸೆಂಟಿಮೀಟರ್, ಭೂಮಿದು 40,000 ಕಿಲೋಮೀಟರ್, ಅಲ್ಲಿಗೆ ಸುಮಾರು 2,470. ನೂಲು ಒಂದು ಮಿಲಿಮೀಟರ್ ಜಾರಿದ್ರೆ 60 ಕಿಲೋಮೀಟರ್ ತಪ್ತದೆ, ಆದ್ರೆ ವಿಮಾನಕ್ಕೆ ಅದು ನಾಲ್ಕೈದು ನಿಮಿಷದ ದಾರಿ.

ಗಂಟೆಗೆ 850 ಹಿಡಿದ್ರೆ ಮೂರು ಗಂಟೆ ಹತ್ತಿರ, ರನ್‌ವೇವರೆಗೆ ಉರುಳೋದು, ಏರೋದು, ಇಳಿಯೋದು ಅಂತ ಅರ್ಧ ಗಂಟೆ. ಚಳಿಗಾಲದಲ್ಲಿ ಮೇಲೆ ಪಡುಗಾಳಿ, ಬರುವಾಗ ಬೆನ್ನಿಗೆ ಸಿಗ್ತದೆ, ಹೋಗುವಾಗ ಎದೆಗೆ, ಹಾಗಾಗಿ ಬರ್ಲಿಕ್ಕೆ ಮೂರೂಕಾಲು ಆದ್ರೆ ಹೋಗ್ಲಿಕ್ಕೆ ಮೂರೂಮುಕ್ಕಾಲರ ಮೇಲೆ. ಮಳೆಗಾಲದಲ್ಲಿ ಈ ವ್ಯತ್ಯಾಸ ಕಮ್ಮಿ. ಯಾವ ತಿಂಗಳಿಗೆ ಎಷ್ಟು ನಿಮಿಷ ಕಳೀಬೇಕು ಅನ್ನೋದು ನನ್ನ ಡೈರಿಯಲ್ಲುಂಟು, ಅದು ಮಾತ್ರ ಕೇಳ್ಬೇಡಿ, ಮೂರು ವರ್ಷದ ನಿದ್ದೆ ಕೊಟ್ಟು ತಕ್ಕೊಂಡದ್ದು.

"ವಿಮಾನ ಎಲ್ಲುಂಟು ಅಂತ ತೋರಿಸುವ ಆ್ಯಪ್ ನೋಡಿದ್ರೆ ಮುಗೀತಲ್ಲ" ಅಂತಿದ್ರು ಸ್ಟ್ಯಾಂಡಿನವರು. ನಡು ಅರಬ್ಬಿ ಸಮುದ್ರದಲ್ಲಿ ನೆಲದ ರಿಸೀವರಿಗೆ ಸಿಗ್ನಲ್ ಸಿಗೋದಿಲ್ಲ, ಫ್ರೀ ಆ್ಯಪಲ್ಲಿ ವಿಮಾನ ಅಂದಾಜಿಗೆ ಓಡ್ತಿರ್ತದೆ, ಇಲ್ಲಾ ಮಾಯ. ಕಳೆದ ಡಿಸೆಂಬರಲ್ಲಿ ಒಂದು ಬಿರಿಯಾನಿ ಬಾಜಿ ಕಟ್ಟಿ 4.25 ಅಂದೆ, ಟಯರ್ ನೆಲ ಮುಟ್ಟಿದ್ದು 4.22ಕ್ಕೆ. ಬಿರಿಯಾನಿ ಎರಡು ತಿಂದೆ.

ಜುಲೈಯಲ್ಲೊಮ್ಮೆ ಮಾತ್ರ ಸೋತೆ. ಲೆಕ್ಕ ಸರಿಯೇ, ಆದ್ರೆ ಬಜ್ಪೆ ಗುಡ್ಡದ ರನ್‌ವೇ ಮಳೆಗೆ ಕಾಣದೆ ವಿಮಾನ ಎರಡು ಸುತ್ತು ಹೊಡೆದು ಕಣ್ಣೂರಿಗೆ ತಿರುಗಿತು. ಮನೆಗೆ ಬಂದು ನೂಲಲ್ಲಿ ಅದನ್ನೂ ಅಳೆದೆ: ದುಬೈಯಿಂದ ಕಣ್ಣೂರಿಗೆ ನೂರಿಪ್ಪತ್ತು ಕಿಲೋಮೀಟರ್ ಜಾಸ್ತಿ, ವಿಮಾನಕ್ಕೆ ಒಂಬತ್ತು ನಿಮಿಷ. ನಂಗೆ ಉಪ್ಪಳದಿಂದ ಕಣ್ಣೂರು ಏರ್‌ಪೋರ್ಟ್ ಇರುವ ಮಟ್ಟನ್ನೂರಿಗೆ ಮೂರು ಗಂಟೆ ಮೇಲೆ, ಹೈವೇ ಕೆಲಸ ಬೇರೆ. ಆ ಬಾಡಿಗೆಗೆ ಈಗ ಡೀಸೆಲ್ ಮೊದಲೇ ಕೇಳ್ತೇನೆ.